ಹಿರಿಯರ ಕುರ್ಚಿ

ಮೂರನೆಯ ಕುರ್ಚಿ, ಹೋದ ವಾರ ಇದು ಇರಲಿಲ್ಲ, ಎರಡೇ ಇದ್ದವು, ಒಂದು ಕೌನ್ಸೆಲಿಂಗ್ ಮೇಡಂಗೆ ಒಂದು ನನಗೆ, ಈಗ ಕಿಟಕಿಯ ಪಕ್ಕ ಇನ್ನೊಂದು, ಅದಕ್ಕೆ ಮಾತ್ರ ದಿಂಬು, ಯಾರಿಗಪ್ಪಾ ಈ ಮರ್ಯಾದೆ, ಕೇಳೋಣವೆಂದರೆ ಮೇಡಂ ಆಗಲೇ ನಗುತ್ತಿದ್ದಾರೆ, ಊಟ ಆಯ್ತಾ ಎನ್ನುತ್ತಿದ್ದಾರೆ, ಬೆಳಿಗ್ಗೆ ಹತ್ತು ಗಂಟೆಗೆ ಯಾರಮ್ಮ ಊಟ ಮಾಡ್ತಾರೆ, ಆಯ್ತು ಮೇಡಂ ಎಂದೆ, ಮನೇಲಿ ಎಲ್ಲ ಚೆನ್ನಾಗಿದ್ದಾರಾ, ಚೆನ್ನಾಗಿದ್ದಾರೆ ಮೇಡಂ — ಇದು ಅವರ ಮಾತಲ್ಲ, ಹಸಿರು ಫೈಲಿನ ಮಾತು, ನನಗೆ ಗೊತ್ತಿಲ್ಲವೇ. ಹೋದ ವಾರ ಅವರು ನೀರು ತರಲು ಎದ್ದಾಗ ಕತ್ತು ಚಾಚಿ ನೋಡಿದ್ದೆ, ಕಪಾಟಿನಲ್ಲಿ ಒಂದೊಂದು ಭಾಷೆಯ ಜನಕ್ಕೆ ಒಂದೊಂದು ಬಣ್ಣದ ಫೈಲು, ನಮ್ಮ ಮಾತಿನವರದು ಹಸಿರು, ಅದು ಮೇಜಿನ ಮೇಲೆ ತೆರೆದೇ ಇತ್ತು, ಇವರು ಮನಸ್ಸಿನ ನೋವನ್ನು ನೇರವಾಗಿ ಹೇಳುವುದಿಲ್ಲ, ಮೈನೋವು ಎನ್ನುತ್ತಾರೆ, ಮೊದಲು ಊಟ ವಿಚಾರಿಸಿ, ಆಮೇಲೆ ಮನೆಮಂದಿಯನ್ನು — ಆಹಾಹಾ, ನಮ್ಮನ್ನು ಅರೆದು ಕುಡಿದುಬಿಟ್ಟಿದ್ದಾರೆ, ಯಾರನ್ನು ಕೇಳಿ ಬರೆದರೋ, ನನ್ನನ್ನಂತೂ ಕೇಳಲಿಲ್ಲ. ಅದರ ಕೆಳಗೆ ಹಿರಿಯರು ಎಂಬ ಪದ ಕಂಡಿತ್ತು, ಮುಂದೆ ಓದುವಷ್ಟರಲ್ಲಿ ನೀರಿನ ಲೋಟ ಬಂತು.

ಕೈ ಹೇಗಿದೆ ಇವತ್ತು, ಹಾಗೇ ಇದೆ ಮೇಡಂ, ತೊಡೆಯ ಮೇಲೆ ಒದ್ದೆ ಟವಲಿನ ಹಾಗೆ ಬಿದ್ದಿದೆ, ಮೂರು ತಿಂಗಳಾಯಿತು, ಬಲಗೈ ಮೇಲಕ್ಕೇಳುವುದಿಲ್ಲ, ಎಡಗೈಯಲ್ಲೇ ಜಡೆ, ಎಡಗೈಯಲ್ಲೇ ಊಟ, ಮೂಳೆ ಸರಿ ಇದೆ ನರ ಸರಿ ಇದೆ ಎಂದ ಡಾಕ್ಟರು ಮನಸ್ಸಿಗೆ ಏನೋ ಆಗಿದೆ ಅಂತ ಇಲ್ಲಿಗೆ ಚೀಟಿ ಬರೆದರು, ಆ ಚೀಟಿ ಹಿಡಿದು ಓಡಾಡಿದವನು ಅಣ್ಣ, ಅಲ್ಲೇ ನನಗೆ ಅನುಮಾನ, ನನ್ನ ತಲೆನೋವಿಗೆ ಒಂದು ಮಾತ್ರೆ ತಂದವನಲ್ಲ, ಈಗ ಇಷ್ಟು ಅಕ್ಕರೆ ಎಲ್ಲಿಂದ ಉಕ್ಕಿತು. ಸೋಮವಾರ ಲಾಂಡ್ರಿಗೆ ತನಿಖೆಯವರು ಬರುತ್ತಾರೆ, ಇವತ್ತು ಶುಕ್ರವಾರ, ಇಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ ಅಂತ ಮೇಡಂ ಮೊದಲ ದಿನವೇ ಹೇಳಿದ್ದರು, ಆದರೂ ಬರೆದುಕೊಳ್ಳುತ್ತಾರಲ್ಲ, ಗೋಡೆ ದಾಟದ ಮಾತನ್ನು ಬರೆಯುವುದೇಕೆ, ಮೂರು ವಾರ ನಾನು ಬರೀ ಭುಜ ನೋವು ಎಂದೆ, ಅವರು ತಲೆಯಾಡಿಸಿದರು, ಫೈಲಿನಲ್ಲಿ ಇದ್ದ ಹಾಗೇ ಹೇಳುತ್ತಿದ್ದೇನೆ ಎಂದು ಸಂತೋಷಪಟ್ಟಿರಬೇಕು, ಪಾಪ.

ಲಾಂಡ್ರಿ ಅಣ್ಣನದು, ಹೋಟೆಲುಗಳ ಚಾದರಗಳು ಒದ್ದೆಯಾಗಿ ಬಂದು ಬಿಸಿ ಉರುಳೆಗಳ ನಡುವೆ ಹೊಕ್ಕು ಆಚೆ ಗರಿಗರಿಯಾಗಿ ಬೀಳಬೇಕು, ಚಾದರದ ತುದಿ ಹಿಡಿದು ಒಳಗೆ ಬಿಡುವವಳು ಗುಬ್ಬಿ, ಗುಬ್ಬಿಯಷ್ಟೇ ಇದ್ದಾಳೆಂದು ಎಲ್ಲರೂ ಹಾಗೇ ಕರೆಯುವುದು, ನಾನು ಪಕ್ಕದಲ್ಲಿ, ಕೆಂಪು ಗುಂಡಿಯ ಹತ್ತಿರ, ಏನಾದರೂ ಸಿಕ್ಕಿಕೊಂಡರೆ ಗುಂಡಿ ಒತ್ತಿ ನಿಲ್ಲಿಸುವುದೇ ನನ್ನ ಕೆಲಸ. ಉರುಳೆಯ ಮುಂದೆ ಕೈ ಹೋಗದ ಹಾಗೆ ಹಳದಿ ಜಾಲರಿ ಇರಬೇಕು, ಎರಡು ವರ್ಷದ ಹಿಂದೆ ಅಣ್ಣ ಅದನ್ನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ, ಜಾಲರಿ ಇದ್ರೆ ಕೆಲಸ ಸಾಗಲ್ಲ ಕಣೇ, ಚಾದರ ಸಿಕ್ಕಿಕೊಳ್ಳುತ್ತೆ, ಸರಿ ಅಣ್ಣ ಎಂದೆ, ನಾನು ಯಾವತ್ತು ಬೇಡ ಅಂದಿದ್ದೆ, ಅಪ್ಪ ಹೋದ ಮೇಲೆ ಸಾಕಿದವನು, ನನ್ನ ಸ್ಕೂಲಿನ ಬೂಟು ತಾನೇ ಒರೆಸಿ ಇಡುತ್ತಿದ್ದವನು, ಅದೂ ಸುಳ್ಳಲ್ಲ. ಮೂರು ತಿಂಗಳ ಹಿಂದೆ ಆ ದಿನ ಗುಬ್ಬಿ ಏನೋ ಹೇಳಿ ನಗುತ್ತಿದ್ದಳು, ತುದಿ ಮಡಚಿತು ಅಂತ ಬೆರಳು ಚಾಚಿದಳು, ಚಾದರದ ಜೊತೆ ಕೈಯೂ ಹೋಯಿತು, ಅಕ್ಕಾ ಎಂದಳು, ಅಮ್ಮಾ ಎನ್ನಲಿಲ್ಲ, ನನ್ನನ್ನೇ ಕರೆದಳು, ಗುಂಡಿ ನನ್ನ ಬಲಗೈಗೆ ಒಂದು ಗೇಣು ದೂರ, ಒಂದೇ ಗೇಣು, ಕೈ ಏಳಲಿಲ್ಲ. ಯಾರೋ ಓಡಿಬಂದು ಒತ್ತಿದರು. ಅವಳನ್ನು ಕರೆದೊಯ್ದ ಗಾಡಿ ತಿರುವು ದಾಟುವ ಮೊದಲೇ ಅಣ್ಣ ಜಾಲರಿ ತಂದು ನಾಲ್ಕು ಸ್ಕ್ರೂ ಬಿಗಿದ, ಬಾಗಿಲ ಹಿಂದೆ ಖಾಲಿ ಮೊಳೆ ಉಳಿಯಿತು, ಅದರ ಕೆಳಗೆ, ಹೊಗೆ ಹಿಡಿದ ಗೋಡೆಯ ಮೇಲೆ, ಜಾಲರಿಯಷ್ಟೇ ಅಗಲದ ಬೆಳ್ಳನೆ ಚೌಕ, ಅದು ಅಣ್ಣನ ಕಣ್ಣಿಗೆ ಬಿದ್ದಿಲ್ಲ. ಗುಬ್ಬಿಯೇ ಜಾಲರಿ ಎತ್ತಿ ಕೈ ಹಾಕಿದಳು ಅಂತ ತನಿಖೆಯವರಿಗೆ ಹೇಳು, ನೀನು ಹೇಳಿದ್ರೆ ಮುಗೀತು ಎಂದ ಅಣ್ಣ. ಇನ್ನೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ, ಅವಳು ಆಸ್ಪತ್ರೆಯಿಂದ ಹೇಳಿ ಕಳಿಸಿದ್ದಾಳೆ, ಅಕ್ಕ ನೋಡಿದ್ದಾಳೆ, ಅಕ್ಕ ಹೇಳ್ತಾಳೆ.

ಇವತ್ತು ಹೇಳಿಬಿಡೋಣ ಎಂದೇ ಬಂದದ್ದು, ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದೆ, ಮೇಡಂ, ಭುಜ ಅಲ್ಲ ನೋವು, ಅಷ್ಟು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು, ಬನ್ನಿ ಬನ್ನಿ ಸರ್ ಎನ್ನುತ್ತಾರೆ ಮೇಡಂ, ಅಣ್ಣ. ಅಯ್ಯೋ ದೇವರೇ, ದಿಂಬು ಇವನಿಗಾ! ಮೇಡಂ ನನ್ನ ಕಡೆ ಬಾಗಿ, ನಿಮ್ಮವರಲ್ಲಿ ಹಿರಿಯರು ಜೊತೆಗಿದ್ರೆ ಧೈರ್ಯ ಬರುತ್ತೆ ಅಲ್ವಾ, ಅದಕ್ಕೆ ನಾನೇ ಫೋನ್ ಮಾಡಿ ಕರೆಸಿದೆ, ನಿಮಗೆ ಸರ್‌ಪ್ರೈಸ್ — ಆ ಮುಖದಲ್ಲಿ ಕಪಟವಿಲ್ಲ, ನಿಜಕ್ಕೂ ಇಲ್ಲ, ಅದೇ ನನಗೆ ಇನ್ನೂ ಭಯ, ಕಪಟ ಇದ್ದಿದ್ದರೆ ಜಗಳವಾಡಬಹುದಿತ್ತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ತಾಯಿ, ಯಾರನ್ನು ಕರೀಲಿ ಅಂತ. ಅಣ್ಣ ಕೋಟು ಬಿಚ್ಚುತ್ತಾನೆ, ಹಾಕಲು ಜಾಗ ಹುಡುಕುತ್ತಾನೆ, ಬಾಗಿಲ ಹಿಂದೆ ಒಂದು ಮೊಳೆ, ಇಲ್ಲೂ ಒಂದು ಮೊಳೆ, ಕೋಟು ನೇತುಹಾಕಿ ದಿಂಬಿನ ಮೇಲೆ ಕೂರುತ್ತಾನೆ, ಇವಳು ನನಗೆ ಮಗಳ ಥರ ಮೇಡಂ, ಮೊದಲಿಂದ ಸ್ವಲ್ಪ ಹೆದರುಪುಕ್ಕಿ, ಕಣ್ಮುಂದೆ ಇನ್ನೊಬ್ಬಳು ತಪ್ಪು ಮಾಡಿ ಕೈ ಕಳ್ಕೊಂಡಳು ನೋಡಿ, ಅದಕ್ಕೇ ಹೀಗಾಗಿದೆ, ಮೇಡಂ ಬರೆಯುತ್ತಿದ್ದಾರೆ, ತಪ್ಪು ಮಾಡಿ, ಪೆನ್ನು ಕರಕರ ಎನ್ನುತ್ತಿದೆ, ಹೇಳಮ್ಮ ಹೇಳು, ನಾನಿದ್ದೀನಲ್ಲ ಎನ್ನುತ್ತಾನೆ ಅಣ್ಣ, ನಾನು ಅವನ ಮುಖ ನೋಡಲಾರೆ, ಮೊಳೆಯನ್ನು ನೋಡುತ್ತೇನೆ, ಕೋಟನ್ನಲ್ಲ, ಮೊಳೆಯನ್ನು, ಮತ್ತು ಏನೋ ಹಗುರ, ತೊಡೆಯ ಮೇಲಿನ ಭಾರ ಎಲ್ಲಿ ಹೋಯಿತು —

ಕೈ! ಕೈ ಎದ್ದಿದೆ ನೋಡಿ! ಮೇಡಂ ಪೆನ್ನು ಬಿಟ್ಟು ಎದ್ದೇ ನಿಂತರು, ಕಣ್ಣಲ್ಲಿ ನೀರು, ಮೂರು ತಿಂಗಳಾದ ಮೇಲೆ, ಸರ್, ನೀವು ಬಂದಿದ್ದೇ ಒಳ್ಳೇದಾಯ್ತು, ನಾಳೆ ಇದನ್ನೂ ಹಸಿರು ಫೈಲಿಗೆ ಸೇರಿಸುತ್ತಾರೇನೋ, ಹಿರಿಯರನ್ನು ಕೂರಿಸಿದೊಡನೆ ಕೈ ಎದ್ದಿತು ಎಂದು. ಅವರು ನನ್ನ ಕೈ ನೋಡುತ್ತಿದ್ದಾರೆ. ಅಣ್ಣ ಕೈ ನೋಡುತ್ತಿಲ್ಲ, ಬೆರಳು ತೋರಿಸುವ ಕಡೆ ತಿರುಗಿದ್ದಾನೆ, ಬಾಗಿಲ ಹಿಂದೆ, ತನ್ನ ಕೋಟಿನ ಕಡೆ, ನಗು ಅರ್ಧಕ್ಕೇ ನಿಂತಿದೆ, ಕತ್ತಿನ ನರ ಉಬ್ಬಿದೆ, ಅವನಿಗೆ ಗೊತ್ತಾಯಿತು, ಕೈ ಇಳಿಸೇ ಎಂದ, ಮೆಲ್ಲಗೆ, ಇಳಿಸಲ್ಲ ಅಣ್ಣ. ನನ್ನದೇ ದನಿಯಾ ಅದು? ಮೇಡಂ, ಕೈ ನೋಡಬೇಡಿ, ಅದು ಏನು ತೋರಿಸ್ತಿದೆ ಅಂತ ಕೇಳಿ, ಕುರ್ಚಿಯ ದಿಂಬು ಜಾರಿ ನೆಲಕ್ಕೆ ಬಿತ್ತು, ಮೇಡಂ ನಗು ನಿಲ್ಲಿಸಿ ನಿಧಾನವಾಗಿ ಬಾಗಿಲ ಕಡೆ ತಿರುಗುತ್ತಿದ್ದಾರೆ, ನಮ್ಮ ಲಾಂಡ್ರಿಯಲ್ಲೂ ಬಾಗಿಲ ಹಿಂದೆ ಒಂದಿದೆ ಮೇಡಂ, ಮೊಳೆ, ಖಾಲಿ ಮೊಳೆ, ಕೆಳಗೆ ಬೆಳ್ಳನೆ ಚೌಕ, ಮೊಳೆ