ಗಿಡ್ಡಮ್ಮನ ತೇಪೆ

ಕೂಸಿಗೆ ಬೆಚ್ಚಗೆ ಕೌದಿ ಹೊದಿಸುವವರೇ, ಅದನ್ನು ಹೊಲಿದವಳ ಹೆಸರನ್ನು ನೀವು ಎಂದಾದರೂ ಕೇಳಿದ್ದೀರಾ?

ನಾನು ಹೇಳುತ್ತೇನೆ. ಗಿಡ್ಡಮ್ಮ, ನನ್ನ ಅವ್ವ. ನೀಲಗುಂದದ ನಮ್ಮ ಕೇರಿಗೆ ಅವಳ ಕೈಯನ್ನು ಹುಡುಕಿಕೊಂಡು ಬಂದವರು ಕೊಟ್ಟೂರಿನ ಕಾಲೇಜೊಂದರ ಪ್ರಾಧ್ಯಾಪಕರಾದ ಗುರುಬಸವರಾಜರು. ಅಂಗಳದಲ್ಲೇ ನಿಂತರು, ಕೊಟ್ಟ ನೀರು ಕುಡಿಯಲಿಲ್ಲ. ಅವರಿಗೆ ಬೇಕಿದ್ದುದು ಕರೆಂಟು ಹರಿಯುವ ಲೋಹದ ದಾರದಿಂದ ಹೊಲಿದ ಕೌದಿ. ಹೊದ್ದ ಕೂಸಿಗೆ ಜ್ವರ ಬಂದರೆ ಅಂಚಿನಲ್ಲಿ ಕೆಂಪು ದೀಪ ಹತ್ತಬೇಕು. ಅವ್ವ ಕೇಳಿದ್ದು ಒಂದನ್ನೇ: ಕಾಲೇಜಿನ ಪ್ರದರ್ಶನದಲ್ಲಿ ಕೌದಿಯ ಪಕ್ಕ ಹಾಕುವ ಫಲಕದ ಮೇಲೆ ತನ್ನ ಹೆಸರು. ಆಗಲಿ ಎಂದರು.

ಅವರ ನಕ್ಷೆಯಲ್ಲಿ ಎರಡು ದಾರಗಳು ಒಂದನ್ನೊಂದು ದಾಟುತ್ತಿದ್ದವು. ಅವು ಮುಟ್ಟಿದರೆ ದೀಪ ಹತ್ತದೆಂಬುದನ್ನು ಅವ್ವ ಎರಡೇ ದಿನಗಳಲ್ಲಿ ಕಂಡುಕೊಂಡಳು. ಕೂಸಿನ ಮೊದಲ ಕೌದಿಯಲ್ಲಿ ಹೆತ್ತವಳೊಬ್ಬಳ ಸವೆದ ಸೀರೆ ಇರಬೇಕೆಂಬುದು ನಮ್ಮ ರೂಢಿ. ತನ್ನ ಸೀರೆಯ ತುಂಡನ್ನೇ ಆ ದಾರಗಳ ನಡುವೆ ತೇಪೆಯಾಗಿ ಇಟ್ಟಳು. ದೀಪ ಹತ್ತಿತು. ವಿದ್ವಾಂಸರ ಐವತ್ತು ಪುಟಗಳ ಪ್ರಬಂಧಕ್ಕೆ ಆ ಗೇಣುದ್ದದ ಬಟ್ಟೆ ಹೊಳೆದಿರಲಿಲ್ಲ.

ಪ್ರದರ್ಶನದ ಮುಂಜಾನೆ ಅವರ ಕಣ್ಣು ತೇಪೆಯ ಮೇಲೆ ಬಿತ್ತು.

"ಇದೇನಬೇ, ನಿಮ್ಮ ಕೇರಿ ಹೊಲಸು? ದೊಡ್ಡ ಮಂದಿ ಮುಟ್ಟೋದೈತಿ ಇದನ್ನ."

"ಅದನ್ನ ಕಿತ್ರ ದೀಪ ಹತ್ತಂಗಿಲ್ರಿ."

"ಮುಚ್ಚಬೇ ಬಾಯಿ. ಸೂಜಿ ಹಿಡ್ಯಾಕ ಕರದೀನಿ ನಿನ್ನ, ನನಗ ಪಾಠ ಹೇಳಾಕಲ್ಲ."

ಪ್ರಯೋಗಾಲಯದ ಕೈಗವಸು ತೊಟ್ಟು ತಾವೇ ಕಿತ್ತು ಕಸದ ಬುಟ್ಟಿಗೆ ಎಸೆದರು. ಅವ್ವನಿಗೆ ಚಪ್ಪಲಿ ಬಿಡುವ ಬಾಗಿಲ ಬಳಿ ಕೂರಲು ಹೇಳಿದರು. ಅಲ್ಲಿಂದ ನಾನು ಫಲಕವನ್ನು ಅವಳಿಗೆ ಓದಿ ಹೇಳಿದೆ: "ಸಂಶೋಧನೆ, ಡಾ. ಗುರುಬಸವರಾಜ. ಸಹಾಯ, ಸ್ಥಳೀಯ ಮಹಿಳೆ."

ವೇದಿಕೆಯಲ್ಲಿ ಕೌದಿಯ ಮೇಲೆ ಬಿಸಿನೀರಿನ ಚೀಲ ಇಟ್ಟರು. ದೀಪ ಹತ್ತಲಿಲ್ಲ. ಮತ್ತೆ ಇಟ್ಟರು. ಸಭೆಯಲ್ಲಿ ಯಾರೋ ನಕ್ಕರು. ಗುರುಬಸವರಾಜರು ಬೆವರುತ್ತ ಬಾಗಿಲಿಗೆ ಬಂದರು.

"ಯವ್ವಾ ಗಿಡ್ಡಮ್ಮ, ಲಗೂನ ಬಾ, ಅದೊಂದು ತ್ಯಾಪಿ ಹಚ್ಚು."

ಅವ್ವ ಎದ್ದಳು. ಪಕ್ಕದಲ್ಲೇ ಇದ್ದ ಆ ಕಸದ ಬುಟ್ಟಿಗೆ ಕೈ ಹಾಕಿ ತನ್ನ ಸೀರೆಯ ತುಂಡನ್ನು ಎತ್ತಿ ಮಡಿಲಿಗೆ ಸೇರಿಸಿದಳು.

"ಬೋರ್ಡಿಗೆ ನನ್ನ ಹೆಸರು ಬರೀರಿ, ಹಚ್ತೀನಿ. ಅಲ್ಲೀತನ ನಿಮ್ಮ ಡಾಕ್ಟರ್ ಪದವಿ ಹಚ್ಚಿ ನೋಡ್ರಿ, ಹತ್ತತೈತೇನೋ."

ಬರೆಯಲಿಲ್ಲ. ಕೌದಿ ಇಂದಿಗೂ ಆ ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ದೀಪವಿಲ್ಲದೆ ಬಿದ್ದಿದೆ. ಫಲಕವೂ ಹಾಗೆಯೇ ಇದೆ. ನೋಡಲು ಹೋದರೆ, ಗುರುಬಸವರಾಜರನ್ನು ಎದುರಿಗೆ ಕರೆಸಿ ಕೇಳಿ, ಇದನ್ನು ಹೊಲಿದವರು ಯಾರೆಂದು. ಅವರ ಬಾಯಿಂದ ಹೆಸರು ಹೊರಡುವವರೆಗೆ ದಯವಿಟ್ಟು ಅಲ್ಲಿಂದ ಕದಲಬೇಡಿ.