ಮೀಸಲು ಹಾಲೂ ಹಾಲೇ

ಜಯರಾಮು ತೀರಿಕೊಂಡ ಸುದ್ದಿ ನಮ್ಮ ಹಟ್ಟಿಗೆ ಬಂದಾಗ ನಾನು ಕುರಿಗಳಿಗೆ ನೀರು ಕುಡಿಸುತ್ತಿದ್ದೆ. ಅವನು ನನ್ನ ತಮ್ಮ. ಹರ್ನಿಯಾ ಆಪರೇಷನ್ನಿಗೆಂದು ಅಂದೇ ಬೆಳಗ್ಗೆ ಶಿರಾ ಬಸ್ಸು ಹತ್ತಿದ್ದ. ಸಂಜೆಗೆ ಎದ್ದು ಕೂರುತ್ತಾನೆ ಎಂದಿದ್ದರು.

ಸೂತಕ ಕಳೆದ ಮೇಲೆ ಆಶಾ ಕಾರ್ಯಕರ್ತೆ ಚಿತ್ರಾ ಬಂದು ಅವನ ಮೊಬೈಲ್ ನೋಡಿದಳು. ಆಸ್ಪತ್ರೆಯಿಂದ ಮೂರು ಮೆಸೇಜ್ ಬಂದಿದ್ದವು, ಕನ್ನಡದಲ್ಲೇ. ರಾತ್ರಿ ಹತ್ತರ ಮೇಲೆ ಊಟ, ಹಾಲು, ಟೀ ಏನೂ ಬೇಡ; ತಪ್ಪಿ ತೆಗೆದುಕೊಂಡಿದ್ದರೆ ಡಾಕ್ಟರಿಗೆ ತಿಳಿಸಿ ಎಂದಿತ್ತು. ರೀಚಾರ್ಜಿನ ಮೆಸೇಜ್ ಎಂದುಕೊಂಡು ನಾವು ಯಾರೂ ತೆರೆದಿರಲಿಲ್ಲ.

ಆ ಬೆಳಗಿನ ಜಾವ ಮನೆದೇವರು ಜುಂಜಪ್ಪನಿಗೆ ಮೀಸಲು ಹಾಲು ಇಟ್ಟು, ಒಂದು ಚೊಂಬು ಅವನಿಗೆ ಕುಡಿಸಿದವನು ನಾನೇ. ಏನಾದರೂ ಕುಡಿದಿರಾ ಎಂದು ನರ್ಸ್ ಕೇಳಿದಾಗ ಇಲ್ಲ ಎಂದನಂತೆ. ಸುಳ್ಳು ಹೇಳುವ ಜೀವವಲ್ಲ ಅದು. ದೇವರ ಮೀಸಲನ್ನು ನಮ್ಮಲ್ಲಿ ಯಾರೂ ಆಹಾರವೆಂದು ಎಣಿಸುವುದಿಲ್ಲ. ಅರಿವಳಿಕೆ ಕೊಟ್ಟಾಗ ಆ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಿತು.

ವರ್ಷ ತುಂಬುವುದರೊಳಗೆ ಅವನ ಹೆಂಡತಿ ಗೌರಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು ಕಂಡಿತು; ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು ಎಂದರು. ನೋವಿಗೆ ನೆಲದ ಮೇಲೆ ಹೊರಳುತ್ತಿದ್ದಳು.

“ಅವ್ರು ಹೋದ ಜಾಗಕ್ಕೆ ನಾನು ಬರಾಕಿಲ್ಲ ಬಾವ,” ಎಂದಳು.

ಚಿತ್ರಾ ಎರಡು ದಿನ ಬಂದು ತಿಳಿಹೇಳಿದಳು. ಗೌರಕ್ಕ ಒಪ್ಪಿದಳು. ಅಂದಿನಿಂದ ಬಂದ ಮೆಸೇಜನ್ನೆಲ್ಲ ನಾನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೊದಲೇ ಕೇಳಿ ಎಂದಿತ್ತು; ಗೌರಕ್ಕ ನುಂಗುತ್ತಿದ್ದಳು, ಫೋನ್ ಮಾಡಿ ಕೇಳಿದೆವು.

“ಮುಪ್ಪಿನಾಗೆ ಬಾವ ಇಸ್ಕೂಲಿಗೆ ಸೇರವ್ರೆ,” ಎಂದು ಅವಳು ಚಿತ್ರಾಳಿಗೆ ಹೇಳಿದಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ತಮಾಷೆಯ ಮಾತು.

ಹೊರಡುವ ಬೆಳಗ್ಗೆ ಮಾತ್ರ ಅವಳ ಕಾಲು ಏಳಲಿಲ್ಲ.

“ಮೀಸಲು ಮುಟ್ಟದೆ ಹೆಂಗೆ ಹೋಗ್ಲಿ? ದೇವ್ರು ಮುನಿಯಾಕಿಲ್ವಾ?”

“ದೇವ್ರು ಕಾಯ್ತಾನೆ ಕಣಮ್ಮ. ಆ ಮತ್ತಿನ ಮದ್ದು ಕಾಯಾಕಿಲ್ಲ,” ಎಂದೆ.

ಅವಳು ಬರಿ ಹೊಟ್ಟೆಯಲ್ಲಿ ಹೋದಳು. ನಾಲ್ಕನೆಯ ದಿನ ತಿರುಗಿ ಬಂದಾಗ ಹೊಸ ಮೀಸಲು ಇಟ್ಟೆವು. ಅರ್ಧ ಕುಡಿದು, ಉಳಿದದ್ದನ್ನು ಗಂಡನ ಸಮಾಧಿಗೆ ಎರೆದಳು.

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಆಸ್ಪತ್ರೆಯ ಮೆಸೇಜನ್ನು ಅಳಿಸಬೇಡಿ. ಓದಲು ಬಾರದಿದ್ದರೆ ಓದಿಸಿ. ತೀರ್ಥ, ಪ್ರಸಾದ ಏನೇ ಬಾಯಿಗೆ ಹೋಗಿದ್ದರೂ ಡಾಕ್ಟರಿಗೆ ಹೇಳಿ. ಆಪರೇಷನ್ ಒಂದು ದಿನ ಮುಂದಕ್ಕೆ ಹೋದೀತು, ಅಷ್ಟೇ.

ತಂದೆ ಜುಂಜಪ್ಪ, ನನ್ನ ಕೈಯಿಂದ ಆದದ್ದನ್ನು ನೀನು ಬಲ್ಲೆ. ನನ್ನ ತಮ್ಮನನ್ನು ನಿನ್ನ ಪಾದದ ನೆರಳಲ್ಲಿ ತಣ್ಣಗೆ ಇಡು.