ಅಳತೆ ಬಾವಿಗೆ ಸುರಿದ ನೀರು

ಬಾಣಂತಿಗೆ ಎಣ್ಣೆ ಹಚ್ಚಿ ಮಣೆ ಮೇಲೆ ಕೂರಿಸಿದ ಮೇಲೆ ನೀರಿಲ್ಲ ಅಂದರೆ ಅದೂ ಒಂದು ಮನೆಯೇ? ಅವತ್ತು ನಮ್ಮ ಮನೆ ಹಾಗಿತ್ತು. ಮಗಳು ಅರ್ಪಿತ ಮಂಡ್ಯದ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆ ಮುಗಿಸಿ ಕೂಸಿನೊಂದಿಗೆ ಬಂದಿದ್ದಳು. ಬಾಣಂತನ ತವರಲ್ಲೇ ಆಗಬೇಕೆಂದು ಹಟ ಹಿಡಿದು ಕರೆತಂದವಳು ನಾನು. ಬೀಗರದು ಹೊಳಲು, ನೀರಾವರಿ ಊರು. ನಮ್ಮದು ಮಳವಳ್ಳಿಯಿಂದಾಚೆ, ನಾಲೆ ತಲುಪದ ಕಡೆ. ಬೇಸಿಗೆಯಲ್ಲಿ ಪಂಚಾಯಿತಿ ಕಳಿಸುವ ಟ್ಯಾಂಕರೇ ಗತಿ. ಬಾಣಂತಿಗೆ ನೀರು ಹಾಕುವುದೆಂದರೆ ನಾಲ್ಕು ಚೊಂಬು ಸುರಿದುಕೊಂಡು ಏಳುವುದಲ್ಲ. ಹಂಡೆಗಟ್ಟಲೆ ಬಿಸಿನೀರು ಬೇಕು. ನೀರು ಹಾಕಲು ಬಂದ ಯಶೋದಮ್ಮಜ್ಜಿ ಸೆರಗು ಸಿಕ್ಕಿಸಿ ನಿಂತಿದ್ದಳು. ಹಂಡೆ ಖಾಲಿ ಇತ್ತು.

ಟ್ಯಾಂಕರ್ ಬಂತು. ಬೀದಿಯಲ್ಲಿ ಬಿಂದಿಗೆ ಇಟ್ಟುಕೊಂಡು ಕೂತವರೆಲ್ಲ ಎದ್ದರು. ಅದು ನಿಲ್ಲದೆ ಮುಂದೆ ಹೋಯಿತು.

ಹಿಂದೆಯೇ ಓಡಿದೆ. ಶಾಲೆ ಬಯಲಿನ ಮೂಲೆಯಲ್ಲಿ ನನ್ನ ಮೈದುನ ನಾಗರಾಜು, ಪಂಚಾಯಿತಿ ಮೆಂಬರ್, ಟ್ಯಾಂಕರಿನ ಪೈಪನ್ನು ಅಳತೆ ಬಾವಿಯೊಳಗೆ ಇಳಿಬಿಟ್ಟು ನಿಂತಿದ್ದ. ಅದು ನೀರೆತ್ತುವ ಬೋರ್‌ವೆಲ್ ಅಲ್ಲ. ನೆಲದೊಳಗೆ ನೀರು ಎಷ್ಟು ಆಳಕ್ಕಿದೆ ಎಂದು ಅಳೆದು, ಊರೂರಿನ ನಕ್ಷೆ ಮಾಡಲು ಸರ್ಕಾರ ನಮ್ಮೆಲ್ಲರ ದುಡ್ಡಿನಲ್ಲಿ ಕೊರೆಸಿದ ಕೊಳವೆ. ಬರಿದಾದ ಊರು ನಕ್ಷೆಯಲ್ಲಿ ಕೆಂಪು, ನೀರಿರುವ ಊರು ಹಸಿರು.

“ಏನ್ಲಾ ಮಾಡ್ತಿದ್ದೀಯೆ? ಅಲ್ಲಿ ನಿಮ್ಮಣ್ಣನ ಮಗಳು ಎಣ್ಣೆ ಅಚ್ಕೊಂಡು ಕುಂತವ್ಳೆ!”

“ವಸಿ ಸುಮ್ಕಿರತ್ಗೆ. ಮದ್ಯಾನ್ನ ಅಳತೆಗೆ ಬತ್ತಾವ್ರೆ. ನೀರು ಮೇಲಕ್ಕೆ ಬಂದಿದ್ರೆ ಪಂಚಾಯ್ತಿಗೆ ಬಹುಮಾನದ ದುಡ್ಡು. ಕೆರೆ ಊಳು ತೆಗೆಸ್ಬೋದು. ಊರಿಗೇ ಒಳ್ಳೇದಲ್ವಾ?”

“ಕುಡಿಯೋ ನೀರ ತೂತಿಗೆ ಸುರ್ದು ಊರುದ್ಧಾರ ಮಾಡ್ತೀಯಾ?”

“ಒಂದಿನ ಕಣತ್ಗೆ, ಸುಧಾರಿಸ್ಕೊ.”

ಪೈಪು ಕಿತ್ತೆಳೆದೆ. ಸೀರೆ ನೆನೆಯಿತು, ಅಷ್ಟೆ. “ಇನ್ನೇನೂ ಉಳ್ದಿಲ್ಲ ಅಕ್ಕ,” ಅಂದ ಡ್ರೈವರ್ ತಮೀಮ್, ತಲೆ ತಗ್ಗಿಸಿ. ಮನೆಗೆ ಬಂದು ಪಕ್ಕದವರಲ್ಲಿ ಒಂದು ಬಿಂದಿಗೆ ಬೇಡಿ, ಬಟ್ಟೆ ಅದ್ದಿ ಮಗಳ ಮೈ ಒರೆಸಿದೆ. “ಬುಡವ್ವ, ನಾಳೆ ಆಯ್ತದೆ,” ಅಂದಳು ಅವಳು. ಅವಳಾದರೂ ನನ್ನನ್ನು ಬೈಯಬಾರದಿತ್ತೇ ಅನ್ನಿಸಿತು.

ಮಧ್ಯಾಹ್ನ ಶೋಭಿತಾ ಎಂಬ ಅಧಿಕಾರಿ ಬಂದಳು. ಬಾವಿಗೆ ಟೇಪು ಇಳಿಸಿ ಮುಖ ಅರಳಿಸಿದಳು. ನೀರು ಏರಿದೆ ಅಂದದ್ದೇ ತಡ, ಜನ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಖಾಲಿ ಬಿಂದಿಗೆ ಹಿಡಿದು ಶಾಪ ಹಾಕಿದವರೇ! ನನಗೆ ಮೈಯೆಲ್ಲ ಉರಿದುಹೋಯಿತು.

“ಮೇಡಮ್, ಬೆಳಿಗ್ಗೆ ಇದಕ್ಕೆ ಟ್ಯಾಂಕರ್ ನೀರು ಸುರಿದವ್ರೆ.”

ನಾಗರಾಜು ನಕ್ಕ. “ನಮ್ಮತ್ಗೆ ಮೇಡಮ್. ಬಾಣಂತಿ ಮನೆ, ನಿದ್ದೆ ಇಲ್ಲ, ಏನೇನೋ ಮಾತಾಡ್ತದೆ.”

“ಹೌದೇನಜ್ಜಿ?” ಎಂದು ಶೋಭಿತಾ ಗುಂಪಿನಲ್ಲಿದ್ದ ಯಶೋದಮ್ಮಜ್ಜಿಯನ್ನು ಕೇಳಿದಳು.

“ನಂಗೊತ್ತಿಲ್ಲ ಕಣವ್ವ.”

ನನ್ನ ಗಂಡ ಹೊನ್ನಯ್ಯ ತಮ್ಮನ ಮರ್ಯಾದೆ ಕಾಯಲು ಆಕಾಶ ನೋಡುತ್ತಿದ್ದ. ಇವರ ಬಾಯಿಗಿಷ್ಟು ಮಣ್ಣು ಹಾಕ! ಶೋಭಿತಾ ನನ್ನನ್ನೇ ಒಂದು ಗಳಿಗೆ ನೋಡಿ, ಅಳತೆ ಬರೆದುಕೊಂಡು ಹೋದಳು.

ಆ ವಾರ ಅರ್ಪಿತಳಿಗೆ ಒಂದೇ ಒಂದು ಸಲ ಸರಿಯಾಗಿ ನೀರು ಹಾಕಿದ್ದೆವು. ಅಷ್ಟರಲ್ಲಿ ಟ್ಯಾಂಕರ್ ನಿಂತಿತು. ಅಂತರ್ಜಲ ಏರಿದ ಊರಿಗೆ ಟ್ಯಾಂಕರ್ ಯಾಕೆ ಅಂದರಂತೆ ಮೇಲಿನವರು. ತಪ್ಪೇನಿದೆ?

ಬೀದಿಗೆ ಬೀದಿಯೇ ನನ್ನ ಬಾಗಿಲಿಗೆ ಬಂತು, ಮುಂದೆ ನಾಗರಾಜು.

“ಅತ್ಗೆ, ಮೇಡಮ್‌ಗೆ ನೀನೇ ಒಂದು ಫೋನ್ ಮಾಡು. ಯಾರೋ ನೀರು ಸುರಿದಿದ್ರು ಅನ್ನು. ನನ್ನೆಸ್ರು ಮಾತ್ರ ಬ್ಯಾಡ.”

ಅವನಿಂದಲೇ ನಂಬರ್ ಒತ್ತಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಸಿದೆ. “ಹೇಳ್ಲಾ. ನೀನೇ ಹೇಳು.”

ತೊದಲುತ್ತಾ ಹೇಳಿದ. ಆ ಕಡೆಯಿಂದ ಶೋಭಿತಾಳ ದನಿ ಬಂತು.

“ಅವತ್ತು ಆಯಮ್ಮ ಹೇಳಿದಾಗ ನೀವು ನಕ್ಕಿರಿ. ನಾನೂ ನಂಬಲಿಲ್ಲ. ತಪ್ಪಾಗಿದೆ ಅಂತ ಬರೀತೀನಿ. ಆದ್ರೆ ವರದಿ ಹೋಗಿಬಿಟ್ಟಿದೆ. ಮತ್ತೆ ಅಳೆಯೋದು ಮಳೆಗಾಲ ಕಳೆದ ಮೇಲೆ. ಅಲ್ಲೀತನಕ ನಕ್ಷೆಯಲ್ಲಿ ನಿಮ್ಮೂರು ಹಸಿರೇ.”

ಅವತ್ತು ಸಂಜೆ ನಾನೇ ಅಳಿಯನಿಗೆ ಫೋನ್ ಮಾಡಿದೆ.

ಬೆಳಿಗ್ಗೆ ಅಳಿಯ ಶಶಿಧರ್ ಕಾರು ತಂದ. ಹಸಿ ಬಾಣಂತಿಯನ್ನು ಅತ್ತೆಮನೆಗೆ ಸಾಗಹಾಕುವ ತವರು ನಮ್ಮದಾಯಿತು. ಬೀದಿಯವರೆಲ್ಲ ಬಾಗಿಲ ಮರೆಯಿಂದ ನೋಡಿದರು. ನಾಗರಾಜು ಮಾತ್ರ ಓಡಿ ಬಂದು ಚೀಲಕ್ಕೆ ಕೈ ಹಾಕಿದ. “ಕೊಡತ್ಗೆ, ನಾನು ಇಡ್ತೀನಿ.”

“ಮುಟ್ಬ್ಯಾಡ,” ಅಂದೆ. “ಊರಿಗೆ ನೀರು ಏರ್ಸಿದ್ದೀಯಲ್ಲ, ಓಗು, ಕುಡ್ಕೊ.”

ಹೊಳಲಿನಲ್ಲಿ ಬೀಗಿತ್ತಿಯ ಮುಂದೆ ನಿಂತು, “ನನ್ ಮಗಳಿಗೆ ನೀರು ಹಾಕ್ರವ್ವ,” ಎಂದು ಕೇಳಿದೆ. ಆಕೆ ಏನು, ಎತ್ತ ಎಂದು ಒಂದು ಮಾತೂ ಕೇಳದೆ ನಲ್ಲಿ ತಿರುಗಿಸಿ ಹಂಡೆ ತುಂಬಿಸಿದಳು. ಎರಡು ಮಾತು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.